ಸಾವಿರದ ನಾನೂರು ಕಿಲೋಮೀಟರ್

"ಶುಕ್ರವಾರದೊಳಗೆ ಇದು ಸಾವಿರದ ನಾನೂರು ಕಿಲೋಮೀಟರ್ ಓಡೋ ಹಾಗಾಗಬೇಕು," ಎಂದು ಅವನು ತನ್ನ ಹಳೆಯ ಕಾರಿನ ಬಾನೆಟ್ ಮೇಲೆ ಕೈಯಿಟ್ಟು ಹೇಳಿದ.

ಅವಳು ಇನ್ನೊಂದು ಗಾಡಿಯ ಕೆಳಗಿನಿಂದ ಅರ್ಧ ಜಾರಿ ಹೊರಬಂದು, ಮಲಗಿದ್ದಲ್ಲಿಂದಲೇ ಕೇಳಿದಳು. "ಹೋಗಿ ಬರೋದೂ ಸೇರಿನಾ?"

"ಇಲ್ಲ. ಹೋಗೋದು ಮಾತ್ರ."

ಏಳುವಾಗ ಅವಳ ಹಣೆ ಬಂಪರಿಗೆ ಬಡಿಯಿತು. ನೋವಾಗಿದ್ದು ಅಲ್ಲೇ ಎಂದು ತೋರಿಸಲು ಅವಳು ಆ ಜಾಗವನ್ನು ಬಹಳ ಹೊತ್ತು ಉಜ್ಜಿಕೊಂಡಳು.

ಅವನದು ಗ್ಯಾರೇಜಿನ ಎದುರು ಸಾಲಿನ ಕನ್ನಡಕದ ಅಂಗಡಿ. ಆರು ವರ್ಷದಿಂದ ಬೆಳಗ್ಗೆ ಒಂಬತ್ತಕ್ಕೆ ಅವನು ಅಂಗಡಿಯ ಗಾಜು ಒರೆಸುವುದನ್ನು ಅವಳು ನೋಡುತ್ತ ಬಂದಿದ್ದಳು. ಎಡಗಡೆಯಿಂದ ಶುರು ಮಾಡಿ, ಬಲಗಡೆಯ ತುದಿ ಮುಟ್ಟಿಸಿ, ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನಿಲ್ಲುತ್ತಿದ್ದ. ಆ ಕೋನಕ್ಕೆ ಗಾಜಿನಲ್ಲಿ ಕಾಣುವುದು ತನ್ನ ಗ್ಯಾರೇಜೇ ಇರಬೇಕು ಎಂಬ ಅನುಮಾನ ಅವಳಿಗಿತ್ತು. ಕೇಳುವ ಧೈರ್ಯ ಇರಲಿಲ್ಲ. ಬಿಸಿಲು ಜಾಸ್ತಿಯಾಯ್ತು, ಕರೆಂಟು ಯಾವಾಗ ಬರುತ್ತಂತೆ ಎನ್ನುವುದರಾಚೆಗೆ ಇಬ್ಬರ ಮಾತೂ ದಾಟಿರಲಿಲ್ಲ.

ಈಗ ರಸ್ತೆ ಅಗಲ ಮಾಡಲು ಆ ಸಾಲನ್ನೇ ಕೆಡವುತ್ತಾರೆ. ಅವನು ಅಕ್ಕನ ಊರಿಗೆ ಹೋಗಿ ಅಲ್ಲೇ ಅಂಗಡಿ ಇಡುತ್ತಾನೆ.

"ಶುಕ್ರವಾರ ಹೊರಟ್ರೆ ಭಾನುವಾರ ತಲುಪ್ತೀನಿ. ಸೋಮವಾರ ಬೆಳಗ್ಗೆ ಅಲ್ಲಿರಲೇಬೇಕು," ಎಂದ ಅವನು.

"ಇಷ್ಟು ದೂರಕ್ಕೆ ಮೂರು ದಿನ ಯಾಕೆ?"

"ಸಂಜೆ ಆದ್ಮೇಲೆ ನಾನು ಓಡಿಸಲ್ಲ. ಎದುರಿನ ಲೈಟು ಕಣ್ಣಲ್ಲಿ ಒಡೆದು ಚೂರಾಗುತ್ತೆ."

"ಊರಿಗೆಲ್ಲ ಕಣ್ಣು ಸರಿ ಮಾಡ್ಕೊಡೋರಿಗೇ?"

"ನನ್ನ ಕಣ್ಣು ನೋಡೋರು ಯಾರೂ ಇಲ್ವಲ್ಲ, ಮೆಕ್ಯಾನಿಕ್ ಮೇಡಂ," ಎಂದು ಹೇಳಿ ಅವನು ನೇರವಾಗಿ ನೋಡಿದ. ಅವಳು ಬೇಗ ಬಾನೆಟ್ ಎತ್ತಿ ಅದರ ಹಿಂದೆ ಮುಖ ಮರೆಸಿಕೊಂಡಳು.

ಕಾರಿಗೆ ಕಾಯಿಲೆಗಳು ಬಹಳವಿದ್ದವು. ಬ್ರೇಕ್ ಪ್ಯಾಡ್ ಸವೆದಿತ್ತು, ಬೆಲ್ಟು ಬಿರುಕು ಬಿಟ್ಟಿತ್ತು, ಹಿಂದಿನ ಸ್ಪ್ರಿಂಗ್ ಕುಸಿದಿತ್ತು. ಎಲ್ಲಕ್ಕಿಂತ ದೊಡ್ಡದು, ಎಂಜಿನ್ ತಂಪಾಗಿಡುವ ವಾಟರ್ ಪಂಪ್ ತೊಟ್ಟಿಕ್ಕುತ್ತಿತ್ತು. ಹೊಸದನ್ನು ತರಿಸಬೇಕಿತ್ತು.

"ಇಷ್ಟೆಲ್ಲ ಇಟ್ಕೊಂಡು ಇದು ಒಂದು ದಿನಾನೂ ನರಳಿಲ್ಲ," ಎಂದ ಅವನು.

"ನರಳಿರುತ್ತೆ. ನಿಮಗೆ ಕೇಳ್ಸಿಲ್ಲ."

"ಕೆಲವರು ನರಳಿದ್ರೂ ಹಾಗೇ. ಎದುರಿಗಿದ್ದೋರಿಗೆ ಕೇಳ್ಸಲ್ಲ."

ಗ್ಯಾರೇಜಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಸ್ಪಾರ್ಕ್ ಪ್ಲಗ್ ಕೆರೆಯುತ್ತಿದ್ದ ಅವಳ ಅಪ್ಪ ಕೆಮ್ಮಿದರು. ಕೈ ನಡುಗಲು ಶುರುವಾದ ಮೇಲೆ ಅವರು ದೊಡ್ಡ ಕೆಲಸವನ್ನೆಲ್ಲ ಮಗಳಿಗೆ ಬಿಟ್ಟಿದ್ದರು. ಕಿವಿಯನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

ಅವನು ಮಂಗಳವಾರವೂ ಬಂದ, ಬುಧವಾರವೂ ಬಂದ. ಬಂದರೆ ಒಂದು ಕಡೆ ಕೂರುತ್ತಿರಲಿಲ್ಲ. ಗೋಡೆಯ ಸ್ಪ್ಯಾನರುಗಳನ್ನು ಎಣಿಸುತ್ತಿದ್ದ, ಬಾಗಿಲಿಗೆ ಹೋಗುತ್ತಿದ್ದ, ಏನೋ ಮರೆತವನಂತೆ ವಾಪಸ್ ಬರುತ್ತಿದ್ದ. ಅವನು ಸುತ್ತಿದಷ್ಟೂ ಅವಳ ಕೈ ತಪ್ಪುತ್ತಿತ್ತು. ಒಂದೇ ನಟ್ಟನ್ನು ಮೂರು ಸಲ ಬೀಳಿಸಿದಳು.

ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಲೆನ್ಸ್ ಉಜ್ಜುವ ಮಷೀನನ್ನು ಇಬ್ಬರೂ ಸೇರಿ ಡಿಕ್ಕಿಗೆ ಏರಿಸಿದರು. ಅವಳು ಕೂತು ಚಕ್ರದ ಮೇಲಿನ ಸಂದು ಅಳೆದಳು. "ಇನ್ನೂ ಸ್ವಲ್ಪ ಭಾರ ಬೇಕು. ಹತ್ತಿ ಕೂತ್ಕೊಳ್ಳಿ."

ಅವನು ವಿಧೇಯನಾಗಿ ಡಿಕ್ಕಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. "ಸಾಕಾ?"

"ಅಲುಗಾಡಬೇಡಿ."

"ನೀವು ಹಾಗೆ ನೋಡಿದ್ರೆ ಅಲುಗಾಡದೆ ಹೇಗಿರೋದು?"

"ನಾನು ಚಕ್ರ ನೋಡ್ತಿದ್ದೀನಿ."

"ಚಕ್ರ ಕೆಳಗಿದೆ, ಮೇಡಂ."

ಅವಳ ಕಿವಿಯ ತುದಿ ಬಿಸಿಯಾಯಿತು. ಅಳತೆಪಟ್ಟಿ ಎಷ್ಟು ತೋರಿಸಿತೆಂದು ಅವಳಿಗೆ ನೆನಪೇ ಉಳಿಯಲಿಲ್ಲ. ಅವನು ಹೋದ ಮೇಲೆ ಅಪ್ಪನನ್ನು ಕೂರಿಸಿ ಮತ್ತೆ ಅಳೆಯಬೇಕಾಯಿತು.

ಗುರುವಾರ ಬೆಳಗ್ಗೆ ಹತ್ತಕ್ಕೆ ಪಂಪ್ ಬಂತು. ಅಪ್ಪನೇ ಸಹಿ ಹಾಕಿ ತೆಗೆದುಕೊಂಡರು. ಅವಳು ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತಳು. ಇದನ್ನು ಹಾಕಿದರೆ ಸಂಜೆಗೆ ಕಾರು ಸಿದ್ಧ. ನಾಳೆ ಒಂಬತ್ತಕ್ಕೆ ಎದುರಿನ ಗಾಜನ್ನು ಯಾರೂ ಒರೆಸುವುದಿಲ್ಲ.

ಅರ್ಧ ಗಂಟೆಯ ನಂತರ ಅವನು ರಸ್ತೆ ದಾಟಿ ಬಂದ. "ಬಂತಾ?"

"ಇಲ್ಲ," ಎಂದಳು ಅವಳು. ಅಷ್ಟು ಸಲೀಸಾಗಿ ಬಾಯಿಂದ ಹೊರಬಿದ್ದ ಆ ಮಾತಿಗೆ ಅವಳೇ ಬೆಚ್ಚಿದಳು. "ಶನಿವಾರ ಬರುತ್ತಂತೆ."

ಪ್ಲಗ್ ಕೆರೆಯುವ ಸದ್ದು ನಿಂತಿತು.

"ಹಳೇದರಲ್ಲೇ ಹೋದ್ರೆ?"

"ಇನ್ನೂರು ಕಿಲೋಮೀಟರಿಗೆ ಎಂಜಿನ್ ಕೂತುಬಿಡುತ್ತೆ." ಇದು ನಿಜವಾಗಿತ್ತು. ಅವನ ಮುಖದಲ್ಲಿ ಬಣ್ಣ ಇಳಿದುದನ್ನು ಕಂಡೂ ಅವಳು ಸುಳ್ಳನ್ನು ತಿದ್ದಲಿಲ್ಲ.

ಅವನು ಹೋದ ಮೇಲೆ ಅಪ್ಪ ತಲೆಯೆತ್ತದೆ ಹೇಳಿದರು. "ಡಬ್ಬಿನ ಹಳೇ ಟಯರ್ ಒಳಗೆ ತುರುಕಿದ್ದೀಯ. ಇಲ್ಲಿಂದ ಕಾಣುತ್ತೆ."

ಅವಳು ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದಳು.

"ಯಾಕೆ ಅಂತ ಕೇಳಲ್ಲ. ನನಗೂ ಕಣ್ಣಿದೆ. ಆದ್ರೆ ಗಾಡಿ ವಿಷಯದಲ್ಲಿ ಈ ಜಾಗದಲ್ಲಿ ಇವತ್ತಿನವರೆಗೂ ಯಾರೂ ಸುಳ್ಳು ಹೇಳಿರಲಿಲ್ಲ, ಮಗಳೇ."

ಆ ದಿನವೆಲ್ಲ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಶುಕ್ರವಾರ ಮಧ್ಯಾಹ್ನ ಊಟದ ಡಬ್ಬಿ ತೆರೆದವಳು ಹಾಗೆಯೇ ಮುಚ್ಚಿ ರಸ್ತೆ ದಾಟಿದಳು. ನಿಜ ಹೇಳಲು ಹೊರಟಿದ್ದಳೋ, ಅವನನ್ನು ನೋಡಲೋ, ಅವಳಿಗೇ ಖಚಿತವಿರಲಿಲ್ಲ. ಖಾಲಿಯಾದ ಅಂಗಡಿಯಲ್ಲಿ ಅವನು ಫೋನು ಹಿಡಿದು ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದ.

"ಟ್ರೈನು, ಬಸ್ಸು ಎಲ್ಲ ನೋಡ್ದೆ ಅಕ್ಕ, ಒಂದರಲ್ಲೂ ಸೀಟಿಲ್ಲ. ಡಾಕ್ಟರಿಗೆ ಇನ್ನೊಂದು ಸಲ ಹೇಳಿ ನೋಡು... ಹೌದು, ಹಾರ್ಟ್ ಆಪರೇಶನ್ನು ಅಷ್ಟು ಸುಲಭಕ್ಕೆ ಮುಂದಕ್ಕೆ ಹಾಕಲ್ಲ, ಗೊತ್ತು... ಇಲ್ಲ, ನಾನು ಬರದೆ ನೀನು ಒಬ್ಬಳೇ ಒಳಗೆ ಹೋಗ್ಬೇಡ."

ಸೋಮವಾರವೆಂದರೆ ಹೊಸ ಅಂಗಡಿಯ ಬಾಗಿಲು ತೆರೆಯುವ ದಿನವೆಂದು ಅವಳು ತಾನೇ ಊಹಿಸಿಕೊಂಡಿದ್ದಳು.

ಅವನು ಫೋನಿಟ್ಟು ತಿರುಗಿದ. "ಪಂಪ್ ವಿಷಯನಾ?"

"ಪಂಪ್ ನಿನ್ನೆನೇ ಬಂತು." ನಿಲ್ಲಿಸಿದರೆ ಮುಂದಕ್ಕೆ ಹೋಗಲಾರೆನೆಂದು ಅವಳು ಒಂದೇ ಉಸಿರಿಗೆ ಹೇಳಿದಳು. "ನೀವು ಕೇಳೋಕೆ ಬಂದಾಗ ನನ್ನ ಹತ್ರಾನೇ ಇತ್ತು. ಸುಳ್ಳು ಹೇಳ್ದೆ."

"ಯಾಕೆ?"

"ಇನ್ನೆರಡು ದಿನ ನೀವು ಎದುರಿಗೆ ಇರ್ತೀರಿ ಅಂತ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಮತ್ತೆ ಹಾಕಿಕೊಂಡ.

"ಹೋಗಿ ಪಂಪ್ ಹಾಕಿ," ಎಂದಷ್ಟೇ ಹೇಳಿದ.

ಸಂಜೆ ಆರರ ಹೊತ್ತಿಗೆ ಎಂಜಿನ್ ಮೆತ್ತಗೆ ಉಸಿರಾಡುತ್ತಿತ್ತು. ಅಪ್ಪ ಕಿವಿಗೊಟ್ಟು ಕೇಳಿ ತಲೆಯಾಡಿಸಿದರು. ಅವನು ಬಾಗಿಲ ಬಳಿ ನಿಂತಿದ್ದ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೋ ಏನೋ.

"ನಾಳೆ ಬೆಳಗ್ಗೆ ಐದಕ್ಕೆ ಹೊರಟ್ರೆ ಎರಡೇ ದಿನ ಸಿಗೋದು," ಎಂದಳು ಅವಳು. "ಒಬ್ಬರ ಕೈಲಿ ಆಗಲ್ಲ. ನಾನು ಬರ್ತೀನಿ. ಬೆಳಕಿರೋವಾಗ ನೀವು ಓಡ್ಸಿ, ಆಮೇಲೆ ನಾನು. ತಲುಪಿಸಿ, ಯಾವುದಾದ್ರೂ ಬಸ್ಸು ಹಿಡಿದು ವಾಪಸ್ ಬರ್ತೀನಿ. ನೀವು ನನ್ನ ಜೊತೆ ಮಾತಾಡ್ಲೇಬೇಕು ಅಂತೇನಿಲ್ಲ."

ಅವನು ಅವಳ ಅಪ್ಪನ ಕಡೆ ನೋಡಿದ.

"ನನ್ನೇನು ನೋಡ್ತೀರಾ? ಕೆಡಿಸಿದೋರೇ ಸರಿ ಮಾಡ್ಲಿ," ಎಂದರು ಅಪ್ಪ.

"ನೀನೊಬ್ಬನೇ ಹೇಗಿರ್ತೀಯಪ್ಪ?"

"ನಿನಗಿಂತ ಮುಂಚೆ ಹುಟ್ಟಿದೋನು ನಾನು. ಟೂಲ್ ಬ್ಯಾಗ್ ತಗೊಂಡು ಹೋಗು."

ಮೊದಲ ಮುನ್ನೂರು ಕಿಲೋಮೀಟರ್ ಅವನು ಬಾಯಿ ಬಿಡಲಿಲ್ಲ. ಅವಳು ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತಿದ್ದಳು. ಅದು ನಡುವಿನಲ್ಲಿ ಅಲುಗದೆ ನಿಂತಿತ್ತು. ಹೊರಗೆ ಬಯಲು ಓಡುತ್ತಿತ್ತು. ಪೆಟ್ರೋಲ್ ಬಂಕಿನಲ್ಲಿ ಎರಡು ಕಾಗದದ ಲೋಟದಲ್ಲಿ ಟೀ ತಂದ ಅವನು, ಒಂದನ್ನು ಅವಳ ಕೈಗೆ ಕೊಡದೆ ಬಾನೆಟ್ ಮೇಲಿಟ್ಟ.

"ನನಗೆ ಕೋಪ ಇದೆ," ಎಂದ.

"ಇರಬೇಕು."

"ಅಕ್ಕ ನನ್ನನ್ನ ಎತ್ತಿ ಬೆಳೆಸಿದೋಳು. ಅವಳಿಗೇನಾದ್ರೂ ಆಗಿದ್ರೆ ನಾನು ನಿಮ್ಮನ್ನ ಕ್ಷಮಿಸ್ತಿರಲಿಲ್ಲ."

"ನಾನೂ ಅಷ್ಟೇ."

ಅವನು ಟೀ ಮುಗಿಸಿ ಲೋಟವನ್ನು ಮಡಿಸಿ, ಮತ್ತೆ ಮಡಿಸಿ, ಬೆರಳ ಗಾತ್ರ ಮಾಡಿದ. "ಇನ್ನೊಂದು ಕೋಪಾನೂ ಇದೆ. ನನ್ನ ಮೇಲೆ. ಆರು ವರ್ಷ ದಿನಾ ಗಾಜು ಒರೆಸ್ದೆ. ಅದೇನು ಅಷ್ಟೊಂದು ಕೊಳೆಯಾಗ್ತಿತ್ತಾ? ಅದರಲ್ಲಿ ನೀವು ಕಾಣ್ತಿದ್ರಿ. ತಿರುಗಿ ನೇರವಾಗಿ ನೋಡೋಕೆ ಆಗ್ಲಿಲ್ಲ ನನ್ನ ಕೈಲಿ. ಹೊರಡೋ ವಾರ ಬಂದ್ರೂ ತಮಾಷೆ ಮಾಡ್ಕೊಂಡೇ ಕಾಲ ಕಳ್ದೆ."

ಅವಳು ಬಾನೆಟ್ ಮೇಲಿನ ಲೋಟವನ್ನು ಎತ್ತಿಕೊಂಡಳು. "ಒಂದು ಮಾತು ಹೇಳಿದ್ರೆ ನಾನು ಸುಳ್ಳು ಹೇಳ್ತಿರಲಿಲ್ಲ."

"ನೀವು ಹೇಳಬಹುದಿತ್ತು."

"ಹೌದು," ಎಂದಳು. "ಕೀ ಕೊಡಿ, ಸ್ವಲ್ಪ ದೂರ ನಾನು ಓಡಿಸ್ತೀನಿ. ತಡ ಆಗುತ್ತೆ," ಎಂದಳು.

ಕೀ ಕೊಡುವಾಗ ಅವನ ಬೆರಳು ಬೇಕಾದ್ದಕ್ಕಿಂತ ಒಂದು ಕ್ಷಣ ಹೆಚ್ಚು ನಿಂತಿತು.

ಭಾನುವಾರ ಸಂಜೆ ಭೇಟಿಯ ಸಮಯ ಮುಗಿಯಲು ಹತ್ತು ನಿಮಿಷವಿದ್ದಾಗ ಆಸ್ಪತ್ರೆ ಸೇರಿದರು. ಅಕ್ಕ ದಿಂಬಿಗೊರಗಿ ಕೂತಿದ್ದರು. ಸಣ್ಣ ಮೈ, ದೊಡ್ಡ ದನಿ. ತಮ್ಮನ ಕೆನ್ನೆ ತಟ್ಟಿ, ಅವನ ಹೆಗಲ ಮೇಲಿನಿಂದ ಅವಳನ್ನು ನೋಡಿದರು.

"ಇವಳು ಯಾರೋ?"

"ಮೆಕ್ಯಾನಿಕ್ಕು ಅಕ್ಕ."

"ಕಾರಿಗೋ, ನಿನಗೋ?"

ಅವನು ಕೆಮ್ಮಿದ. ಅವಳು ಮುಚ್ಚಿಡಲಿಲ್ಲ, ಪಂಪಿನ ಕಥೆಯನ್ನೆಲ್ಲ ಹೇಳಿದಳು. ಅಕ್ಕ ಪೂರ್ತಿ ಕೇಳಿ, ಎದೆ ಹಿಡಿದುಕೊಂಡು ನಕ್ಕರು. "ನಗಿಸಬೇಡಿ ಅಂದಿದ್ದಾರೆ ಡಾಕ್ಟರು. ನೋಡಮ್ಮ, ನಾನು ಎದ್ದು ಓಡಾಡೋ ಹಾಗಾದ್ಮೇಲೆ ಇವನನ್ನ ವಾಪಸ್ ಕರ್ಕೊಂಡು ಹೋಗು. ಇವನ ಮಷೀನ್ ಸದ್ದು ನನಗಾಗಲ್ಲ."

"ನೀನೊಬ್ಬಳೇ ಹೇಗಿರ್ತೀಯ?" ಎಂದ ತಮ್ಮ.

"ಇಷ್ಟು ವರ್ಷ ನೀನೇನು ನನ್ನ ಜೊತೆ ಇದ್ಯಾ?"

ಸೋಮವಾರ ಎಂಟಕ್ಕೆ ಅಕ್ಕನನ್ನು ಒಳಗೆ ಕರೆದೊಯ್ದರು. ಕೊನೆಯ ಗಳಿಗೆಯಲ್ಲಿ ಅವರು ಕೈಗಡಿಯಾರ ಬಿಚ್ಚಿ ಅವಳಿಗೆ ಕೊಟ್ಟರು. "ನೀನೇ ಇಟ್ಕೋ. ಇವನು ಎಲ್ಲಾದ್ರೂ ಮರೆತು ಬರ್ತಾನೆ."

ಐದು ಗಂಟೆ ಕಾಲ ಇಬ್ಬರೂ ಕಾರಿಡಾರಿನಲ್ಲಿ ಓಡಾಡಿದರು. ಅವನು ಕಿಟಕಿಯವರೆಗೆ ಹೋದರೆ ಅವಳು ಬಾಗಿಲವರೆಗೆ. ನಡುವೆ ಎದುರಾದಾಗ ಒಬ್ಬರ ಮುಖ ಒಬ್ಬರು ನೋಡಿ, ದಾಟಿ ಹೋಗುತ್ತಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಡಾಕ್ಟರು ಮಾಸ್ಕ್ ಇಳಿಸಿಕೊಂಡು ಹೊರಬಂದು, ಎಲ್ಲ ಸರಿಯಾಯಿತು, ಸಂಜೆ ನೋಡಬಹುದು ಎಂದರು.

ಅವನು ಬೆಂಚಿನ ಮೇಲೆ ಕುಸಿದ. ಅವಳು ಗಡಿಯಾರವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತೇ ಇದ್ದಳು.

ಅವನು ಪಕ್ಕದ ಜಾಗವನ್ನು ಕೈಯಿಂದ ತಟ್ಟಿದ.

"ಕೂತ್ಕೋ," ಎಂದ.

ಅವಳು ಕೂತಳು. ಅವನ ಹೆಗಲು ಅವಳ ಹೆಗಲಿಗೆ ಒತ್ತಿತು, ಯಾರೂ ಸರಿಯಲಿಲ್ಲ.

"ನೀನು..." ಎಂದು ಶುರು ಮಾಡಿ ಅವಳು ತಡೆದಳು. ಆ ಪದ ಬಾಯಿಗೆ ಹೊಸದು. ಮತ್ತೆ ಪ್ರಯತ್ನಿಸಿದಾಗ ಅದು ತುಸು ಜೋರಾಗಿಯೇ ಬಂತು, ಆ ತುದಿಯಲ್ಲಿದ್ದ ನರ್ಸ್ ತಿರುಗಿ ನೋಡುವಷ್ಟು. "ನೀನು ಬೆಳಗ್ಗೆಯಿಂದ ಏನೂ ತಿಂದಿಲ್ಲ."