ನಲವತ್ತು ಸೆಕೆಂಡುಗಳ ಛಾವಣಿ

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಗಾರ್ಡನ್ ಹೌಗೆನ್ ಟೇಪನ್ನು ವಿಸಿಆರ್‌ಗೆ ತುರುಕಿ ಗುಂಡಿ ಒತ್ತಿದ. ಪರದೆಯ ಮೇಲೆ ಜೋಳದ ಹೊಲ ಬರಬೇಕಿತ್ತು. ಹೊಲದಾಚೆ ಮೂರು ಬೆಳಕು ಏಳಬೇಕಿತ್ತು. ಬಂದವರು ಗುಲಾಬಿ ಬಣ್ಣದ ಬಿಗಿಯುಡುಪು ತೊಟ್ಟ ಆರು ಹೆಂಗಸರು. ಕೈ ಮೇಲೆ, ಕೈ ಕೆಳಗೆ, ಸೊಂಟ ಎಡಕ್ಕೆ — ಹೊಟ್ಟೆ ಕರಗಿಸುವ ವ್ಯಾಯಾಮ.

ಗಾರ್ಡನ್ ಮುಖ ಬಿಳಿಚಿಕೊಂಡಿತು. "ಮಾರ್ಲಿಸ್, ನನ್ನ ಟೇಪ್ ಎಲ್ಲಿ?"

ನನಗೇನು ಗೊತ್ತು? ಟೇಪು ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಕೀಲಿ ರಾತ್ರಿಯೆಲ್ಲ ನನ್ನ ಕುತ್ತಿಗೆಯಲ್ಲೇ ಇತ್ತು. ಬೀಗ ತೆಗೆದವಳು ನಾನೇ. ಟೇಪಿನ ರಟ್ಟಿನ ಕವಚ ಅವನದು, ಅದರ ಮೇಲಿನ ಕೈಬರಹವೂ ಅವನದು. ಒಳಗಿದ್ದದ್ದು ಮಾತ್ರ ನಮ್ಮ ಗ್ರಂಥಾಲಯದಿಂದ ಬಿಸಾಡಲೆಂದು ನಾನು ಬಾಗಿಲ ಬಳಿ ಡಬ್ಬದಲ್ಲಿಟ್ಟಿದ್ದ ಹಳೇ ಟೇಪುಗಳಲ್ಲೊಂದು.

ಹೋದದ್ದು ಎಂಥ ಟೇಪು ಎಂದು ಹೇಳಬೇಕು. 1994ರ ಅಕ್ಟೋಬರಿನಲ್ಲಿ, ವಿಸ್ಕಾನ್ಸಿನ್‌ನ ಈ ಪುಟ್ಟ ಊರಿನಲ್ಲಿ, ನಾವು ನಾಲ್ವರು ಸ್ನೇಹಿತರು ಸೇರಿ ಬಾಡಿಗೆ ಕ್ಯಾಮೆರಾದಲ್ಲಿ ಒಂದು ಸಿನಿಮಾ ತೆಗೆದೆವು. ಹೆಸರು 'ಜೋಲೀನಳ ಹುಟ್ಟುಹಬ್ಬ'. ಎಲ್ಲೋ ಸಿಕ್ಕಿದ ಟೇಪು ಎಂದು ನಂಬಿಸುವ ಜಾತಿಯದು. ಮನೆಯವರು ಕೇಕ್ ಕತ್ತರಿಸುವುದನ್ನು ಯಾರೋ ಚಿತ್ರಿಸುತ್ತಿರುತ್ತಾರೆ, ಅನ್ಯಗ್ರಹದವರು ಬರುತ್ತಾರೆ, ಕ್ಯಾಮೆರಾ ಓಡುತ್ತದೆ, ಬೀಳುತ್ತದೆ. ಆಮೇಲೆ ಟೇಪು ಮಾತ್ರ ಉಳಿಯುತ್ತದೆ. ಗಾರ್ಡನ್ ನಿರ್ದೇಶಕ, ಈಗ ಊರಿಗೆಲ್ಲ ಹಲ್ಲಿನ ಡಾಕ್ಟರು. ಜೋಲೀನ್ ಬರ್ಗ್ ಆರು ತಿಂಗಳ ಬಸುರಿ, ಚೀರುತ್ತ ಓಡುವವಳು. ಅವಳ ಗಂಡ ಲೈಲ್ ಕ್ಯಾಮೆರಾ ಹಿಡಿದವನು. ಅನ್ಯಗ್ರಹದವಳು ನಾನು. ಈಜುವವರ ರಬ್ಬರ್ ಟೋಪಿಗೆ ಬೂದು ಬಣ್ಣ ಬಳಿದು ಹಾಕಿಕೊಂಡಿದ್ದೆ. ಪ್ರತಿಯ ಪ್ರತಿಯ ಪ್ರತಿಯಾಗುತ್ತ ಚಿತ್ರ ಮಸುಕಾಗಿ, ಆ ಟೋಪಿ ನಿಜವಾದ ತಲೆಯಂತೆ ಕಾಣತೊಡಗಿತು. ದೇಶದ ಮೂಲೆಮೂಲೆಯಲ್ಲಿ ಜನ ಅದನ್ನು ನಂಬಿ ಹೆದರಿದರು. ನನ್ನ ಜೀವನದಲ್ಲಿ ನಾನು ಹೆಸರು ಮಾಡಿದ್ದು ಅದೊಂದೇ ಸಲ, ಅದೂ ಮುಖ ಮುಚ್ಚಿಕೊಂಡು.

ಮೂವತ್ತು ವರ್ಷವಾಯಿತೆಂದು ಶನಿವಾರ ಮಧ್ಯಾಹ್ನ ಗ್ರಂಥಾಲಯದ ಸಭಾಂಗಣದಲ್ಲಿ ಮೂಲ ಟೇಪನ್ನೇ ತೋರಿಸುವುದಿತ್ತು. ಸೋಮವಾರ ಅದು ಕ್ಯಾಲಿಫೋರ್ನಿಯಾದ ಕಂಪನಿಗೆ ಹೋಗುವುದಿತ್ತು. ಅವರು ಚಿತ್ರವನ್ನು ತೊಳೆದು, ಹೊಸ ಸದ್ದು ಕೂರಿಸಿ, ಮೂಲವನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಗಾರ್ಡನ್ ಸಹಿ ಹಾಕಿಯಾಗಿತ್ತು.

"ಹನ್ನೆರಡರ ತನಕ ನೋಡ್ತೀನಿ. ಸಿಗದಿದ್ರೆ ಶೆರೀಫ್‌ಗೆ ಫೋನು. ಕದ್ದೋರು ಯಾರೇ ಆಗ್ಲಿ, ಸುಮ್ನೆ ಬಿಡಲ್ಲ," ಅಂದ ಗಾರ್ಡನ್.

ನಾನು ಬರ್ನಡೀನ್‌ಗೆ ಫೋನ್ ಮಾಡಿದೆ.

ಬರ್ನಡೀನ್ ವೋಜ್ನಿಯಾಕ್‌ಗೆ ಎಪ್ಪತ್ತನಾಲ್ಕು. ಇಪ್ಪತ್ತೆರಡು ವರ್ಷ ಊರಿನ ವಿಡಿಯೋ ಅಂಗಡಿ ನಡೆಸಿದವರು. ಯಾವ ಪಾದ್ರಿ ಯಾವ ಸಿನಿಮಾವನ್ನು ಯಾರ ಹೆಸರಲ್ಲಿ ಒಯ್ಯುತ್ತಿದ್ದರು ಎಂಬುದೂ ಅವರಿಗೆ ಗೊತ್ತು. ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ. ವಿಸಿಆರ್ ಕೈಕೊಟ್ಟಿತೇ ಎಂದು ಮೊದಲು ಕೇಳಿದರು. ಈ ವಾರ ಎಲ್ಲರಿಗೂ ವಿಸಿಆರ್ ಚಿಂತೆಯೇ ಆಗಿದೆ ಎಂದು ಗೊಣಗಿದರು. ಟೇಪು ಕಳುವಾಗಿದೆ ಎಂದ ಮೇಲೆ ಹತ್ತೇ ನಿಮಿಷದಲ್ಲಿ ಬಂದರು. ಕೋಟು ಬಿಚ್ಚಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

"ಟೇಪನ್ನ ಕಣ್ಣಾರೆ ಕೊನೇ ಸಲ ನೋಡಿದ್ದು ಯಾವಾಗ?"

ಗುರುವಾರ ಮೂರು ಗಂಟೆಗೆ ಎಂದ ಗಾರ್ಡನ್. ಕವಚದಿಂದ ತೆಗೆದು ಎಲ್ಲರಿಗೂ ತೋರಿಸಿ, ಮತ್ತೆ ಕವಚಕ್ಕೆ ಹಾಕಿ, ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದ.

"ಬೀಗ ಹಾಕಿದ್ದು?"

ನಾನು ತಲೆ ತಗ್ಗಿಸಿದೆ. "ಹದಿನೆಂಟು ನಿಮಿಷ ಆದ್ಮೇಲೆ. ಕೀಲಿ ಸಿಕ್ತಿರ್ಲಿಲ್ಲ. ಮೇಜಿನ ಕೆಳಗೆ ಹುಡುಕ್ತಿದ್ದೆ."

"ಅಷ್ಟು ಖಚಿತವಾಗಿ ಹದಿನೆಂಟು ಅಂತ ಹೇಗೆ ಹೇಳ್ತೀಯ?"

ಏಕೆಂದರೆ ಅದೆಲ್ಲ ಚಿತ್ರೀಕರಣವಾಗಿತ್ತು. ಜೋಲೀನಳ ಮಗಳು ಸಿಗ್ನಿ, ಚೀಸ್ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ಊರಿನ ಫೇಸ್‌ಬುಕ್ ಪುಟಕ್ಕೆಂದು ತಯಾರಿಯನ್ನೆಲ್ಲ ಫೋನಿನಲ್ಲಿ ತೆಗೆದು ಸಂಜೆಯೇ ನನಗೆ ಕಳಿಸಿದ್ದಳು. ಟೇಪು ಪೆಟ್ಟಿಗೆಗೆ ಹೋದದ್ದರಿಂದ ಹಿಡಿದು ನಾನು ಬೀಗ ಹಾಕಿದ್ದರವರೆಗೆ. ಆ ಹೊತ್ತು ಹೊರಗಿನಿಂದ ಯಾರೂ ಬಂದಿರಲಿಲ್ಲ.

"ಒಳಗಿದ್ದೋರು ಎಷ್ಟು ಜನ?"

"ನಾಲ್ಕೇ ಜನ," ಅಂದೆ. ಗಾರ್ಡನ್, ಜೋಲೀನ್, ನಾನು, ಮತ್ತೆ ಹೋಬರ್ಟ್ ಪ್ರೂಯಿಟ್.

ಪ್ರೂಯಿಟ್ ಹೆಸರು ಬಂದದ್ದೇ ಗಾರ್ಡನ್ ಕೆಮ್ಮಿದ. ಈ ಮನುಷ್ಯ ಒಹಾಯೋದಿಂದ ಹನ್ನೊಂದು ಗಂಟೆ ಕಾರು ಓಡಿಸಿಕೊಂಡು ಬಂದವನು. ನಮ್ಮ ಸಿನಿಮಾವನ್ನು ಎಪ್ಪತ್ತು ಸಲ ನೋಡಿದವನು. ನನ್ನ ರಬ್ಬರ್ ಟೋಪಿ ಕಂಡು ಕಣ್ಣೀರು ಹಾಕಿದವನು. ಆ ಕ್ಷಣದಿಂದ ನನಗೆ ಅವನ ಮೇಲೆ ಪ್ರೀತಿ.

ಹತ್ತು ಗಂಟೆಗೆ ಎಲ್ಲರೂ ಸೇರಿದರು. ಸಿಗ್ನಿ ಹಿಂದಿನ ಸಾಲಿನಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ಬರ್ನಡೀನ್ ಒಬ್ಬೊಬ್ಬರನ್ನೇ ವಿಚಾರಿಸಿದರು.

"ಪ್ರೂಯಿಟ್, ನಿಮಗೆ ಮೂಲ ಟೇಪು ಬೇಕಿತ್ತಾ?"

"ಬೇಕಿತ್ತು," ಎಂದ ಪ್ರೂಯಿಟ್, ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ. "ಸುಳ್ಳು ಯಾಕೆ ಹೇಳ್ಲಿ? ಆದ್ರೆ ಕದ್ದು ಏನ್ ಮಾಡ್ಲಿ ಅಮ್ಮಾ? ಇದನ್ನೆಲ್ಲ ನಾಲ್ಕು ಜನದ ಮಧ್ಯೆ ಕೂತು ನೋಡಿ ಹೆದರ್ಬೇಕು. ಒಬ್ಬನೇ ನಮ್ಮನೆ ನೆಲಮಾಳಿಗೇಲಿ ಸಾಕಷ್ಟು ಹೆದರಿದೀನಿ."

ಜೋಲೀನ್ ಕುಂಬಳಕಾಯಿ ಕೇಕಿನ ತಟ್ಟೆ ಮುಂದೆ ತಳ್ಳಿದಳು. ಆ ಟೇಪನ್ನು ಮೂವತ್ತು ವರ್ಷದಿಂದ ತಾನು ನೋಡಿಲ್ಲ, ಇನ್ನೂ ಮೂವತ್ತು ವರ್ಷ ನೋಡದಿದ್ದರೂ ಬೇಸರವಿಲ್ಲ ಎಂದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಮಗಳು ಹುಟ್ಟಿ ಹನ್ನೊಂದು ತಿಂಗಳಿಗೆ, ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಹೋದ ಲೈಲ್ ಹಿಂದಿರುಗಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ.

"ಗಾರ್ಡನ್, ಪ್ರತಿಗಳು ಸಾವಿರ ಇವೆ. ಮೂಲದಲ್ಲಿ ಅಂಥದ್ದೇನಿದೆ?"

"ಚಿತ್ರ ಸ್ವಲ್ಪ ಚೆನ್ನಾಗಿದೆ. ಸದ್ದು ಮಾತ್ರ ಬೇರೆ. ಲೈಲ್‌ಗೆ ಬಾಯಿ ಮುಚ್ಕೊಂಡಿರು ಅಂದ್ರೆ ಆಗ್ತಿರ್ಲಿಲ್ಲ. ಮೊದಲಿಂದ ಕೊನೇ ತನಕ ವಟವಟ, ನಗು. ಹೆದರಿಕೆ ಹೇಗೆ ಹುಟ್ಬೇಕು? ಪ್ರತಿ ಮಾಡೋವಾಗ ಪೂರ್ತಿ ಒಂದು ಗುಂಯ್ ಸದ್ದು ಹಾಕಿ ಮುಚ್ಚಿಬಿಟ್ಟೆ."

"ಆ ಗುಂಯ್ ಸದ್ದೇ ಸಿನಿಮಾದ ಜೀವ," ಎಂದ ಪ್ರೂಯಿಟ್ ಭಕ್ತಿಯಿಂದ.

"ಅದು ಫ್ರಿಜ್ಜಿನ ಸದ್ದು," ಎಂದಳು ಜೋಲೀನ್.

ಮೂಲ ಟೇಪನ್ನು ಇತ್ತೀಚೆಗೆ ಯಾರಿಗಾದರೂ ಹಾಕಿ ತೋರಿಸಿದೆಯಾ ಎಂದು ಬರ್ನಡೀನ್ ಕೇಳಿದರು. ಕೇಳಿದವರು ಇದ್ದಾರೆ, ತಾನು ಒಪ್ಪಲಿಲ್ಲ ಎಂದ ಗಾರ್ಡನ್. ಒಂದೊಂದು ಸಲ ಓಡಿಸಿದಾಗಲೂ ಹಳೇ ಟೇಪು ಸವೆಯುತ್ತದೆ. ಇವತ್ತು ಪರೀಕ್ಷೆಗೆಂದು ಅರ್ಧ ನಿಮಿಷ, ಶನಿವಾರ ಒಂದು ಸಲ, ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಸಲ, ಅಷ್ಟೇ.

ಆಮೇಲೆ ಸಿಗ್ನಿಯ ಚಿತ್ರವನ್ನು ದೊಡ್ಡ ಪರದೆಯ ಮೇಲೆ ಹಾಕಿದೆವು. ಗಾರ್ಡನ್, ಪ್ರೂಯಿಟ್ ಸೇರಿ ಪರದೆ ಕಟ್ಟುತ್ತಿದ್ದರು. ಸೊಟ್ಟ, ನೆಟ್ಟಗೆ ಎಂದು ಜಗಳವಾಡುತ್ತಿದ್ದರು. ಜೋಲೀನ್ ಅಡುಗೆ ಮೂಲೆಯಲ್ಲಿ ಕಾಫಿ ಸೋಸುತ್ತಿದ್ದಳು. ಮೇಜಿನ ಕೆಳಗಿಂದ ನನ್ನ ಹಿಂಭಾಗ ಮಾತ್ರ ಕಾಣುತ್ತಿತ್ತು; ಅದನ್ನು ನೋಡಿ ಯಾರೂ ನಗಲಿಲ್ಲ, ಅದಕ್ಕೆ ನಾನು ಋಣಿ. ಗಾಜಿನ ಪೆಟ್ಟಿಗೆ ಬಾಗಿಲ ಬಳಿ, ತೆರೆದೇ ಇತ್ತು. ಯಾರೂ ಹತ್ತಿರ ಸುಳಿಯಲಿಲ್ಲ.

ಹನ್ನೊಂದನೇ ನಿಮಿಷದಲ್ಲಿ ಚಿತ್ರ ತಟ್ಟನೆ ತಿರುಗಿತು. ಬರೀ ಛಾವಣಿ. ಬಿಳೀ ಹಲಗೆ, ಒಂದು ಟ್ಯೂಬ್‌ಲೈಟು. ಅಷ್ಟೇ, ತುಂಬಾ ಹೊತ್ತು.

ಪ್ರೂಯಿಟ್ ಚಪ್ಪಾಳೆ ತಟ್ಟಿದ. ನಮ್ಮ ಸಿನಿಮಾದ ಅತಿ ಪ್ರಸಿದ್ಧ ದೃಶ್ಯ ಅದೇ. ಕೊನೆಯಲ್ಲಿ ಕ್ಯಾಮೆರಾ ನೆಲಕ್ಕೆ ಬಿದ್ದು ನಲವತ್ತು ಸೆಕೆಂಡು ಅಡುಗೆಮನೆಯ ಛಾವಣಿ ಮಾತ್ರ ಕಾಣುತ್ತದೆ. ನಡೆಯಬಾರದ್ದೆಲ್ಲ ಆಗಲೇ ನಡೆಯುತ್ತದೆ. ಸಿಗ್ನಿ ತಮಾಷೆಗೆ ಅದನ್ನೇ ಅಣಕಿಸಿದ್ದಾಳೆಂದು ನಾವೆಲ್ಲ ಮೆಚ್ಚಿಕೊಂಡೆವು. ಗಾರ್ಡನ್‌ನ ಮುಖವೂ ಒಂದಿಷ್ಟು ಸಡಿಲವಾಯಿತು.

ಚಿತ್ರ ಮುಗಿಯಿತು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಏನೂ ಸಿಕ್ಕಿರಲಿಲ್ಲ. ಗಾರ್ಡನ್ ಜೇಬಿನಿಂದ ಫೋನ್ ತೆಗೆದು ಪ್ರೂಯಿಟ್‌ನನ್ನೇ ನೋಡಿದ. ಕಾರಿನ ಹಿಂಬದಿ ತೆರೆದು ತೋರಿಸುತ್ತೀರಾ ಎಂದ. ಪ್ರೂಯಿಟ್ ಕಾರಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ. ನನಗೆ ತುಂಬಾ ನಾಚಿಕೆಯಾಯಿತು.

"ಕೀಲಿ ಜೇಬಿಗೆ ಹಾಕ್ಕೊಳ್ಳಿ," ಎಂದರು ಬರ್ನಡೀನ್. "ಮಾರ್ಲಿಸ್, ಆ ಛಾವಣಿ ಇನ್ನೊಂದು ಸಲ ಹಾಕು. ಎಲ್ರೂ ಕಣ್ಣು ಮುಚ್ಕೊಳ್ಳಿ."

ಮುಚ್ಚಿಕೊಂಡೆವು. ಎಡಗಡೆ ದೂರದಲ್ಲಿ ಗಾರ್ಡನ್: ಸೊಟ್ಟ ಇದೆ. ಅದರ ಪಕ್ಕದಲ್ಲೇ ಪ್ರೂಯಿಟ್: ಇಲ್ಲ, ಗೋಡೆಯೇ ಸೊಟ್ಟ. ಬಲಗಡೆ ಲೋಟಗಳ ಸದ್ದು, ಜೋಲೀನಳ ನಗು. ಹಿಂದೆ ಮೇಜಿಗೆ ತಲೆ ಬಡಿದ ಸದ್ದು, ಆಮೇಲೆ ನಾನು ಅಂದ ಮಾತು, ಗ್ರಂಥಾಲಯದಲ್ಲಿ ಅನ್ನಬಾರದ್ದು. ಈ ನಾಲ್ಕೂ ದನಿಗಳ ನಡುವೆ ತೀರ ಹತ್ತಿರದಲ್ಲಿ, ಮೆತ್ತಗೆ, ರಟ್ಟು ಉಜ್ಜಿದ ಸದ್ದು.

"ಕೇಳಿಸ್ತಾ?" ಎಂದರು ಬರ್ನಡೀನ್. "ನಾಲ್ಕು ಜನಾನೂ ದೂರದಲ್ಲಿದೀರಿ, ನಾಲ್ಕು ಜನಾನೂ ಮಾತಾಡ್ತಿದೀರಿ. ಹಾಗಾದ್ರೆ ಆ ರಟ್ಟು ಯಾರ ಕೈಯಲ್ಲಿತ್ತು?"

ಪ್ರೂಯಿಟ್ ಕಣ್ಣು ತೆರೆದು ಗಾಜಿನ ಪೆಟ್ಟಿಗೆಯತ್ತ ತಿರುಗಿದ.

"ನನ್ನ ಅಂಗಡೀಲಿ ಇಂಥ ಸಿನಿಮಾ ನೂರಾರು ನೋಡಿದೀನಿ. ನೋಡೋರೆಲ್ಲ ಕಿಟಕಿ ನೋಡ್ತಾರೆ, ಹೊಲ ನೋಡ್ತಾರೆ. ಕ್ಯಾಮೆರಾ ಹಿಡ್ಕೊಂಡೋನು ಒಬ್ಬ ಇದಾನೆ ಅನ್ನೋದನ್ನೇ ಮರೀತಾರೆ. ಮಾರ್ಲಿಸ್ ಒಳಗಿದ್ದೋರು ನಾಲ್ಕೇ ಜನ ಅಂದ್ಲು. ಐದು ಜನ ಇದ್ರಿ. ನೀವು ಅಣಕ ಅಂದ್ಕೊಂಡು ಚಪ್ಪಾಳೆ ತಟ್ಟಿದ್ರಲ್ಲ, ಅದು ಅಣಕ ಅಲ್ಲ. ಕವಚ ಬಿಚ್ಚಿ ಟೇಪು ಬದಲಾಯ್ಸೋಕೆ ಎರಡು ಕೈ ಬೇಕು. ಫೋನು ಬೋರಲು ಇಡ್ಲೇಬೇಕಾಯ್ತು." ಅವರು ಹಿಂದಿನ ಸಾಲಿನತ್ತ ತಿರುಗಿದರು. ದನಿ ತಗ್ಗಿತು. "ನಿನ್ನೆ ಸಾಯಂಕಾಲ ನೀನು ವಿಸಿಆರ್ ಬೇಕು ಅಂತ ನಮ್ಮನೆಗೆ ಬಂದಿದ್ದೆ. ಅಮ್ಮನ ಮದುವೆ ಟೇಪು ನೋಡ್ಬೇಕು ಅಂದೆ. ನಮ್ಮನೇದು ಕೆಟ್ಟಿತ್ತು, ಕೊಡೋಕಾಗ್ಲಿಲ್ಲ. ಅವರ ಮದುವೇಲಿ ನಾನಿದ್ದೆ ಸಿಗ್ನಿ. ಯಾರೂ ಟೇಪು ಮಾಡಿರ್ಲಿಲ್ಲ."

ಸಿಗ್ನಿ ಎದ್ದು ಬಂದಳು. ಚೀಲದಿಂದ ಟೇಪು ತೆಗೆದು ಮೇಜಿನ ಮೇಲಿಟ್ಟಳು. ಅದಕ್ಕೆ ಉಣ್ಣೆಯ ಮಫ್ಲರ್ ಸುತ್ತಿದ್ದಳು.

"ಸೋಮವಾರದೊಳಗೆ ತಂದಿಡ್ತಿದ್ದೆ," ಅಂದಳು.

ಗಾರ್ಡನ್‌ಗೆ ಸಿಟ್ಟಿಗಿಂತ ಗೊಂದಲವೇ ಹೆಚ್ಚಾಗಿತ್ತು. "ಕೇಳಿದ್ರೆ ಕೊಡ್ತಿರ್ಲಿಲ್ವೇನೇ?"

"ಕೇಳ್ದೆ ಗಾರ್ಡನ್. ಎರಡು ಸಲ. ಕ್ಯಾಲಿಫೋರ್ನಿಯಾದಿಂದ ಬಂದ್ಮೇಲೆ ಸ್ವಚ್ಛವಾಗಿರೋ ಪ್ರತಿ ಕೊಡ್ತೀನಿ ಅಂದ್ರಿ." ಅವಳು ಮಫ್ಲರ್ ಬಿಚ್ಚಿದಳು. "ನನಗೆ ಸ್ವಚ್ಛ ಬೇಡ. ಫೋಟೋದಲ್ಲೆಲ್ಲೂ ಅಪ್ಪ ಇಲ್ಲ, ಯಾವಾಗ್ಲೂ ಕ್ಯಾಮೆರಾ ಹಿಂದೇನೇ. ಅವರು ವಟವಟ ಅಂತಿದ್ರು ಅಂತ ಊರೆಲ್ಲ ಹೇಳತ್ತೆ. ನಾನೊಬ್ಳೇ ಕೇಳಿಲ್ಲ."

ಜೋಲೀನ್ ಮಗಳ ಪಕ್ಕದಲ್ಲಿ ಬಂದು ನಿಂತಳು. ನೀನು ಕೇಳಿದಾಗೆಲ್ಲ ಮಾತು ಮರೆಸಿಬಿಟ್ಟೆ, ಆ ದನಿ ನನ್ನಿಂದ ತಡೆದುಕೊಳ್ಳೋಕೆ ಆಗ್ತಿರಲಿಲ್ಲ, ನಿನಗೆ ಬೇಕಾಗಿರಬಹುದು ಎಂದು ಯೋಚಿಸಲೇ ಇಲ್ಲ ಎಂದಳು. ಅಷ್ಟು ಹೇಳಿ ಅತ್ತಳು. ಗಾರ್ಡನ್ ಫೋನನ್ನು ಜೇಬಿಗೆ ಹಾಕಿಕೊಂಡು ತನ್ನ ಬೂಟುಗಳನ್ನೇ ನೋಡುತ್ತ ನಿಂತ. ಆಮೇಲೆ ಟೇಪನ್ನು ತಾನೇ ಎತ್ತಿಕೊಂಡು ವಿಸಿಆರ್‌ಗೆ ಹಾಕಿದ. ಗುಂಡಿ ಒತ್ತಿ ಕೊನೆಯ ದೃಶ್ಯದವರೆಗೆ ಓಡಿಸಿದ.

ಗುಂಯ್ ಸದ್ದಿರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಬೂದು ತಲೆ — ಇಪ್ಪತ್ತು ವರ್ಷವೂ ತುಂಬದ ನಾನು — ಏಳುತ್ತಿದ್ದೆ. ಜೋಲೀನ್ ಹೊಟ್ಟೆ ಹಿಡಿದುಕೊಂಡು ಓಡಿದಳು, ನೆಲಕ್ಕೆ ಬಿದ್ದಿದ್ದ ಕೇಕಿನ ಮೇಲೆ ಕಾಲಿಟ್ಟು ಜಾರಿದಳು. ಚಿತ್ರ ತಿರುಗಿ ಛಾವಣಿಯಾಯಿತು.

"ಕ್ಯಾಮೆರಾ ಬೀಳ್ಲಿಲ್ಲ," ಎಂದಳು ಜೋಲೀನ್ ಮೆಲ್ಲಗೆ. "ನನ್ನನ್ನ ಹಿಡ್ಕೊಳ್ಳೋಕೆ ಅಂತ ಕೆಳಗಿಟ್ಟ."

ಆ ಛಾವಣಿಯ ಕೆಳಗೆ ಒಬ್ಬ ಗಂಡಸಿನ ದನಿ. ಎಳೇ ದನಿ, ಓಡಿ ಬಂದು ಏದುಸಿರು ಬಿಡುತ್ತಿದ್ದ ದನಿ, ನಗು ತಡೆಯಲಾಗದ್ದು. ಏಟಾಯ್ತಾ ಎಂದು ಹೆಂಡತಿಯನ್ನು ಕೇಳಿತು. ಇಲ್ಲ ಎಂದಳು. ದನಿ ಇನ್ನೂ ಕೆಳಗೆ, ಅವಳ ಹೊಟ್ಟೆಯ ಹತ್ತಿರ ಬಂತು.

"ಹೆದರ್ಬೇಡ ಮರೀ. ಅದು ಯಾರೂ ಅಲ್ಲ, ನಮ್ಮ ಮಾರ್ಲಿಸ್. ಹೊರಗ್ ಬಂದ್ಮೇಲೆ ನಿನಗೇ ಗೊತ್ತಾಗತ್ತೆ, ತುಂಬಾ ಒಳ್ಳೆಯವಳು. ನಾನಿದೀನಿ ಇಲ್ಲೇ."

ಛಾವಣಿ ಕಪ್ಪಾಯಿತು. ಟೇಪು ನಿಂತಿತು. ಪ್ರೂಯಿಟ್ ಟೋಪಿಯಿಂದ ಮುಖ ಮುಚ್ಚಿಕೊಂಡಿದ್ದ. ನಾನೂ ಅಳುತ್ತಿದ್ದೆ. ಆ ಮಾತು ಅಂದಾಗ ನಾನು ಕಿಟಕಿಯ ಹೊರಗೆ ಚಳಿಯಲ್ಲಿ ನಿಂತಿದ್ದೆ, ನನಗೆ ಕೇಳಿಸಿರಲಿಲ್ಲ.

ಸಿಗ್ನಿ ಗಾರ್ಡನ್ ಕಡೆ ನೋಡಿದಳು. ಇನ್ನೊಂದು ಸಲ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಟೇಪು ಸವೆಯುತ್ತದೆಂದು ಮೂವತ್ತು ವರ್ಷ ಯಾರಿಗೂ ಮುಟ್ಟಗೊಡದ ಗಾರ್ಡನ್ ಹೌಗೆನ್ ಆಗಲೇ ಬಗ್ಗಿ, ಅದನ್ನು ಹಿಂದಕ್ಕೆ ಸುತ್ತುತ್ತಿದ್ದ.