ದೇವದಾರು ಪೆಟ್ಟಿಗೆಯ ಮಣಿಪಟ್ಟಿ

ಬೆಳಗ್ಗೆ ಹನ್ನೊಂದೂಕಾಲು. ಹೆಪ್ಸಿಬಾ ಕ್ರಾಸ್ಬಿಯ ದೇವದಾರು ಪೆಟ್ಟಿಗೆ ಖಾಲಿ.

ಅದರಲ್ಲಿದ್ದದ್ದು ಬಿಳಿ, ನೇರಳೆ ಚಿಪ್ಪುಮಣಿಗಳ ಪಟ್ಟಿ. ನೆಶಾಮಿನಿ ಹಳ್ಳದ ಈಚೆಯ ನೆಲವನ್ನು ಇಲ್ಲಿನ ಮೂಲನಿವಾಸಿಗಳಾದ ಲೆನಪೆ ಜನರಿಂದ ಕೊಂಡಾಗ ಗಡಿಯ ಗುರುತಾಗಿ ಅವರು ಕೊಟ್ಟದ್ದು. ನಮ್ಮ ಕ್ರಯದ ಕಾಗದ ಹೋದ ವರ್ಷ ಬೆಂಕಿಗೆ ಸಿಕ್ಕಿತ್ತು. ಉಳಿದ ಸಾಕ್ಷಿ ಪಟ್ಟಿಯೊಂದೇ. ಮರುದಿನ ಎರಡೂ ಕಡೆಯವರು ಕೂತು ಗಡಿಯನ್ನು ಮತ್ತೆ ನೋಡುವುದಿತ್ತು.

“ಒಂಬತ್ತಕ್ಕೆ ನೋಡಿದ್ದೆ, ಇತ್ತು,” ಎಂದಳು ಹೆಪ್ಸಿಬಾ. ಅವಳು ವಿಧವೆ, ಊರಿನ ಸೂಲಗಿತ್ತಿ. ಜಗಳ ಬಗೆಹರಿಸಿಕೊಳ್ಳಲು ಜನ ಬರುವುದೂ ಅವಳ ಬಾಗಿಲಿಗೇ.

ಒಂಬತ್ತರಿಂದ ಹನ್ನೊಂದರವರೆಗೆ ಊರೆಲ್ಲ ಪಕ್ಕದ ಸಭಾಮನೆಯಲ್ಲಿತ್ತು. ಮೊನ್ನೆಯಷ್ಟೇ ಅದಕ್ಕೆ ಸುಣ್ಣ ಬಳಿದಿದ್ದರು. ನಮ್ಮದು ಮೌನ ಆರಾಧನೆ; ಎರಡು ಗಂಟೆ ಯಾರೂ ಮಾತಾಡಲಿಲ್ಲ. ಹತ್ತರ ಹೊತ್ತಿಗೆ ಗಾಳಿಗೆ ಬಾಗಿಲು ಬಡಿದುಕೊಂಡಿತು. ಅದು ಬಿಟ್ಟರೆ ಸದ್ದಿಲ್ಲ. ಸಭೆಯ ಬರಹಗಾರನಾದ ನಾನು ಬರೆದುಕೊಂಡದ್ದೂ ಅಷ್ಟೇ.

ಭೂಮಾಪಕ ಕೇಲೆಬ್ ವ್ರಾತ್ ಆಗಲೇ ಕಳ್ಳನ ಹೆಸರು ಹೇಳಿಬಿಟ್ಟಿದ್ದ.

“ಇನ್ಯಾರು? ವೆಕೋಲಿಸ್. ನಿನ್ನೆ ತಾನೇ ಬಂದು ಪಟ್ಟಿ ಮುಟ್ಟಿ ನೋಡಿ ಹೋದ. ಗುರುತೇ ಇಲ್ದಿದ್ರೆ ಮಾರಿದ ನೆಲಾನ ವಾಪಸ್ ಕೇಳಬಹುದಲ್ಲ? ಹತ್ತು ಬಂದೂಕು ತರಿಸಿ, ಹಿಡಿದು ಕಟ್ಟಿಹಾಕಿ.”

ವೆಕೋಲಿಸ್ ಅಂಗಳದಲ್ಲೇ ನಿಂತಿದ್ದ. ಲೆನಪೆಯವರ ಪರವಾಗಿ ಮಾತಾಡಲು ಹಿಂದಿನ ದಿನವೇ ಬಂದವನು. ಕರಡಿ ಕೊಬ್ಬು ಹಚ್ಚಿ ಬಾಚಿದ ಕೂದಲು. ಅಲ್ಲಲ್ಲಿ ಬಿಳಿ. ಇವನಿಗೂ ವಯಸ್ಸಾಯಿತು ಅಂದುಕೊಂಡೆ. ಅವನನ್ನು ಕಟ್ಟಿಹಾಕಿದರೆ ನಾಳೆಯ ಮಾತುಕತೆ ಮುರಿಯುತ್ತದೆ. ಆಮೇಲೆ ಹರಿಯುವುದು ರಕ್ತ.

“ನೀನೆಲ್ಲಿದ್ದೆ, ಗೆಳೆಯ?” ಹೆಪ್ಸಿಬಾ ಅವನನ್ನು ಕೇಳಿದಳು.

“ನಿಮ್ಮ ಸಭೇಲೇ. ಹಿಂದಿನ ಬೆಂಚಲ್ಲಿ.”

“ಯಾರು ನೋಡಿದ್ರು?” ವ್ರಾತ್ ನಡುವೆ ಬಾಯಿ ಹಾಕಿದ.

“ಯಾರೂ ಇಲ್ಲ. ನೀವೆಲ್ಲ ಕಣ್ಣು ಮುಚ್ಚಿದ್ರಿ. ನಿಮ್ಮ ಜನ ಎರಡು ಗಂಟೆ ಬಾಯಿನೂ ಮುಚ್ಕೊಂಡಿರ್ತಾರೆ ಅಂದ್ರೆ ಯಾರೂ ನಂಬಲ್ಲ ಅಂತ ನಾನೇ ನೋಡೋಕೆ ಬಂದೆ.”

ಹೆಪ್ಸಿಬಾ ಒಬ್ಬಳೇ ನಕ್ಕಳು.

“ಕಿಟಕಿ ಹೊರಗೆ ನಿಂತವನಿಗೂ ಅಷ್ಟು ಗೊತ್ತಾಗುತ್ತೆ,” ಎಂದ ವ್ರಾತ್.

“ಸರಿ. ನೀನು, ಕೇಲೆಬ್?” ಎಂದಳು ಹೆಪ್ಸಿಬಾ.

“ಸಭೇಲಿ. ಮೊದಲಿಂದ ಕೊನೇವರೆಗೆ. ನನ್ನನ್ನೂ ಕೇಳ್ತೀಯಾ?”

“ವಿಲಿಯಂ ಪೆನ್‌ನನ್ನೇ ಲಂಡನ್ನಿನಲ್ಲಿ ಕಟಕಟೆ ಹತ್ತಿಸಿದ್ರು, ಬೀದೀಲಿ ಉಪದೇಶ ಮಾಡ್ದ ಅಂತ. ತೀರ್ಪು ಹೇಳೋ ಹನ್ನೆರಡು ಜನಾನ ಎರಡು ರಾತ್ರಿ ಉಪವಾಸ ಕೆಡವಿದ್ರೂ ಅವರು ತಪ್ಪಿತಸ್ಥ ಅನ್ನಲಿಲ್ಲ. ಅದನ್ನ ಕಣ್ಣಾರೆ ಕಂಡ ಪೆನ್ ಕಟ್ಟಿದ ನಾಡು ಇದು. ಇಲ್ಲಿ ಕೇಳದೆ ಯಾರನ್ನೂ ಕಟ್ಟಲ್ಲ.” ಅವನ ತಲೆಯತ್ತ ನೋಡಿ ಕೇಳಿದಳು: “ಟೋಪಿ ಏನಾದ್ರೂ ತೆಗೆದಿದ್ಯಾ?”

ವ್ರಾತ್ ಎದೆಯುಬ್ಬಿಸಿದ. “ರಾಜ ಬಂದ್ರೂ ತೆಗೆಯೋನಲ್ಲ ನಾನು. ಬೆಳಗ್ಗೆ ಇಟ್ಕೊಂಡಿದ್ದು, ಇನ್ನೂ ಮುಟ್ಟಿಲ್ಲ.”

“ಕೊಡವಿಲ್ವಾ?”

“ಕೊಡವೋಕೆ ಏನಿದೆ?”

ಏನೂ ಇರಲಿಲ್ಲ. ಟೋಪಿ ಕಾಗೆಯಷ್ಟು ಕಪ್ಪಗಿತ್ತು.

“ಇಥಿಯೆಲ್, ನಿನ್ನ ಟೋಪಿ ಕೊಡು,” ಎಂದಳು ನನಗೆ.

ತೆಗೆದು ನೋಡಿದೆ. ಅಂಚಿನ ತುಂಬ ಸುಣ್ಣದ ಚಕ್ಕೆ. ಬಾಗಿಲಲ್ಲಿ ನೆರೆದಿದ್ದ ಗಂಡಸರೆಲ್ಲ ತಮ್ಮ ತಮ್ಮ ಟೋಪಿ ಮುಟ್ಟಿಕೊಂಡರು. ಎಲ್ಲರ ಬೆರಳೂ ಬಿಳಿಯಾಯಿತು.

“ಬಾಗಿಲು ಬಡಿದಾಗ ಚಾವಣಿಯಿಂದ ಉದುರಿದ್ದು ಇದು,” ಎಂದಳು ಹೆಪ್ಸಿಬಾ. “ಯಾರೂ ತಲೆ ಎತ್ತಲಿಲ್ಲ. ಪ್ರಾರ್ಥನೆಗೆ ಯಾರಾದ್ರೂ ಎದ್ದಿದ್ರೆ ಗಂಡಸರು ಟೋಪಿ ತೆಗೀತಿದ್ರು. ಯಾರೂ ಏಳಲಿಲ್ಲ. ಅಂದಮೇಲೆ ಒಳಗಿದ್ದ ಪ್ರತಿ ತಲೆ ಮೇಲೂ ಸುಣ್ಣ ಇರಬೇಕು.”

ಅವಳು ವೆಕೋಲಿಸ್‌ನ ಕೂದಲಿಗೆ ಅಂಟಿದ್ದ ಒಂದು ಚಕ್ಕೆಯನ್ನು ಉಗುರಿನಿಂದ ಬಿಡಿಸಿ ಅಂಗೈ ಮೇಲೆ ಇಟ್ಟು ತೋರಿಸಿದಳು. ನಾನು ನರೆ ಅಂದುಕೊಂಡದ್ದು ಸುಣ್ಣ.

“ಟೋಪಿ ಮುಟ್ಟಿಲ್ಲ ಅಂತ ನೀನೇ ಹೇಳ್ದೆ, ಕೇಲೆಬ್. ಸಭೇಲಿ ಇಲ್ದೆ ಇದ್ದೋನು ನೀನೊಬ್ಬನೇ. ಪಟ್ಟಿ ಎಲ್ಲಿ?”

ವ್ರಾತ್‌ನ ಕೈ ಟೋಪಿಯ ಕಡೆಗೆ ಎದ್ದು ಅರ್ಧದಲ್ಲೇ ನಿಂತಿತು. ಪಟ್ಟಿ ಸಿಕ್ಕಿದ್ದು ಅವನ ಕುದುರೆಯ ಬೆನ್ನ ಮೇಲೆ, ಅಳತೆ ಸರಪಳಿಯ ಚೀಲದಲ್ಲಿ. ಹಳ್ಳದ ಆಚೆಗೂ ಅವನು ಬೇಲಿ ಹಾಕಿದ್ದ. ಗಡಿ ಎಲ್ಲಿ ಅಂತ ಹೇಳುವ ಗುರುತು ಅವನಿಗೆ ಬೇಡವಾಗಿತ್ತು.

“ಪೆನ್ ಸಮುದ್ರದಾಚೆ ಇದಾನೆ,” ಎಂದು ಗೊಣಗಿದ. “ಎರಡು ಹೊಲ ಹೆಚ್ಚು ಕಡಿಮೆ ಆದ್ರೆ ಅವನಿಗೇನು ಗೊತ್ತಾಗುತ್ತೆ?”

“ತಾನು ಇಲ್ಲದಾಗಲೂ ನ್ಯಾಯ ನಡೀಲಿ ಅಂತಲೇ ಅವನು ಕಾನೂನು ಬರೆದಿಟ್ಟದ್ದು,” ಎಂದಳು ಹೆಪ್ಸಿಬಾ.

ಮೂರು ದಿನದ ನಂತರ ವ್ರಾತ್‌ನ ವಿಚಾರಣೆಗೆ ಹನ್ನೆರಡು ಜನ ಕೂತರು. ಆರು ಜನ ನಮ್ಮವರು, ಆರು ಜನ ಲೆನಪೆಯವರು. ಆಣೆ ಇಡುವುದು ನಮ್ಮ ಧರ್ಮದಲ್ಲಿಲ್ಲ, ಯಾರಿಂದಲೂ ಮಾಡಿಸಲಿಲ್ಲ. ವ್ರಾತ್‌ನ ಭೂಮಾಪನದ ಕೆಲಸ ಹೋಯಿತು. ಬೇರೊಬ್ಬ ಭೂಮಾಪಕ ವೆಕೋಲಿಸ್‌ನ ಜೊತೆ ನಡೆದು ಗಡಿ ಅಳೆದ. ಬೇಲಿಯನ್ನು ನೂರಾ ನಲವತ್ತು ಹೆಜ್ಜೆ ಹಿಂದಕ್ಕೆ ಹಾಕಲಾಯಿತು.