ಕಂದು ಬಳೆಗಳ ಒಳಗೆ

ಬೆಳಿಗ್ಗೆ ಎಂಟೂವರೆ. ಒಬ್ಬಳೇ ರೋಗಿಯ ಸ್ತನದಿಂದ ತೆಗೆದ ಗಡ್ಡೆಯ ಬಗ್ಗೆ ಎರಡು ವರದಿಗಳು ಶಸ್ತ್ರವೈದ್ಯರ ಮೇಜಿನ ಮೇಲಿದ್ದವು. ಕ್ಯಾನ್ಸರ್ ಹಾಲಿನ ನಾಳದೊಳಗೇ ಇದೆ ಎಂದಿತ್ತು ಒಂದು. ಅದನ್ನು ದಾಟಿ, ಮೈಯಲ್ಲೆಲ್ಲ ಹರಡಲು ದಾರಿಯಾಗುವ ಲಿಂಫ್ ನಾಳಗಳಿಗೆ ನುಗ್ಗಿದೆ ಎಂದಿತ್ತು ಇನ್ನೊಂದು.

ಮೊದಲನೆಯದು ಪ್ರಯೋಗಾಲಯದ ಸಹಾಯಕ ವೈದ್ಯನದು. ಎರಡನೆಯದು ಮೇಲಿನ ಮಹಡಿಯ ಸಂಶೋಧಕರದು. ಗಡ್ಡೆಗಳಲ್ಲಿ ಹುಟ್ಟುವ ರಕ್ತನಾಳ, ಲಿಂಫ್ ನಾಳಗಳನ್ನು ಎಣಿಸುವುದೇ ಅವರ ಕಸುಬು. ಸಹಾಯಕ ಎರಡನ್ನೂ ಓದಿದ. ಆ ಗಡ್ಡೆಯ ಸ್ಲೈಡುಗಳ ತಟ್ಟೆ ಹಿಡಿದು ಹಿರಿಯ ವೈದ್ಯೆಯ ಕೋಣೆಗೆ ಓಡಿದ. ಆಕೆಗೆ ಬೆನ್ನ ಹಿಂದೆ ‘ಭೂತಗನ್ನಡಿ’ ಎಂಬ ಹೆಸರಿತ್ತು. ಅದು ಆಕೆಗೂ ಗೊತ್ತಿತ್ತು.

ಅಲ್ಲಿ ರೋಗಿಯ ಅಕ್ಕ ಆಗಲೇ ಬಂದು ಕೂತಿದ್ದಳು. ಹೊಲಿಗೆ ಕೆಲಸದವಳು, ಸೆರಗಿನಲ್ಲಿ ಸೂಜಿ ಹಾಗೇ ಇತ್ತು.

"ಆಪರೇಷನ್ ಡಾಕ್ಟ್ರು ನಿನ್ನೆ ಕೀಮೋ ಬೇಡ ಅಂದ್ರು, ಇವತ್ತು ಬೇಕೇ ಬೇಕು, ಮಧ್ಯಾಹ್ನವೇ ದಿನ ಗೊತ್ತು ಮಾಡ್ತೀನಿ ಅಂತಾರೆ. ತಂಗಿ ಹೃದಯ ಮೊದಲೇ ವೀಕು, ಕೀಮೋ ತಡ್ಕೊಳ್ಳೋದು ಕಷ್ಟ ಅಂತ ಅವರೇ ಹೇಳಿದ್ರು. ನಾನು ಯಾರ ಮಾತು ಕೇಳ್ಲಿ, ತಾಯಿ?"

"ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆ. ಕೂತಿರಮ್ಮ," ಎಂದರು ಭೂತಗನ್ನಡಿ.

"ಸ್ಲೈಡ್ ಅದಲುಬದಲಾಗಿರಬಹುದಾ?" ಎಂದ ಸಹಾಯಕ. ಸ್ಲೈಡುಗಳಿಗೆ ಬಣ್ಣ ಹಾಕುವ ತಂತ್ರಜ್ಞೆ ಬಾಗಿಲಲ್ಲೇ ನಿಂತಿದ್ದಳು.

"ನಾನು ಅದಲುಬದಲು ಮಾಡೋಳಾ? ನಿನ್ನೆ ಎರಡು ಬಣ್ಣದ ಕಾಲುಚೀಲ ಹಾಕ್ಕೊಂಡು ಬಂದವರು ಯಾರು ಡಾಕ್ಟ್ರೇ?"

ಭೂತಗನ್ನಡಿ ಸ್ಲೈಡುಗಳನ್ನು ಬೆಳಕಿಗೆ ಹಿಡಿದರು. ಎಲ್ಲದರಲ್ಲೂ ಗಡ್ಡೆಯ ಚೂರಿನ ಒಂದೇ ಮೂಲೆ, ಇಲಿ ಕಡಿದ ಹಾಗೆ ಮುಕ್ಕಾಗಿತ್ತು. "ಒಂದೇ ಗಡ್ಡೆಯ ಅಕ್ಕಪಕ್ಕದ ಪದರಗಳು. ಇವಳ ತಪ್ಪಿಲ್ಲ."

"ರಕ್ತದಲ್ಲಿ ಕ್ಯಾನ್ಸರ್ ಸೂಚಕದ ಮಟ್ಟ ಮಾಮೂಲಾಗೇ ಇದೆ ಮೇಡಂ. ಹಾಗಾದ್ರೆ ಹರಡಿಲ್ಲ ಅಲ್ವಾ?"

"ಶುರುವಿನಲ್ಲಿ ಅದು ಎಷ್ಟೋ ಸಲ ಬಾಯೇ ಬಿಡಲ್ಲ. ಅದರ ಮೌನ ಸಾಕ್ಷಿಯಲ್ಲ."

ಸಹಾಯಕನ ಕೈಲಿದ್ದ ಒಂದೇ ಹುಲ್ಲುಕಡ್ಡಿಯೂ ಜಾರಿತು. ಸೂಕ್ಷ್ಮದರ್ಶಕದಡಿ, ಲಿಂಫ್ ನಾಳ ಹುಡುಕುವ ಬಣ್ಣದ ಸ್ಲೈಡಿನಲ್ಲಿ, ಅಡ್ಡ ಕೊಯ್ದ ನಾಳಗಳಂತೆ ಕಂದು ಬಳೆಗಳು, ಬಳೆಯೊಳಗೆ ಕ್ಯಾನ್ಸರ್ ಕೋಶಗಳು ಎದ್ದು ಕಾಣುತ್ತಿದ್ದವು. ಸಂಶೋಧಕರು ಬರೆದದ್ದೂ ಅದನ್ನೇ.

"ಈಗ ಪಕ್ಕದ ಪದರ ನೋಡು. ಇದರ ಬಣ್ಣ ರಕ್ತನಾಳಕ್ಕೂ ಹತ್ತುತ್ತೆ, ಲಿಂಫ್ ನಾಳಕ್ಕೂ ಹತ್ತುತ್ತೆ. ಏನು ಕಾಣುತ್ತೆ?"

"ಸಣ್ಣ ಸಣ್ಣ ನಾಳಗಳು ಮುತ್ತಿಕೊಂಡಿವೆ. ಆದ್ರೆ..." ಅವನು ಕಣ್ಣುಜ್ಜಿಕೊಂಡ. "ಬಳೆಗಳಿಗೆ ಬಣ್ಣವೇ ಹತ್ತಿಲ್ಲ!"

"ಯಾಕೆ?"

ಅವನು ಮತ್ತೆ ಬಗ್ಗಿ ಎರಡೂ ಸ್ಲೈಡು ನೋಡಿದ. ಆಕೆ ತಂತ್ರಜ್ಞೆಯ ಕಿವಿಯಲ್ಲಿ ಇನ್ನೊಂದು ಬಣ್ಣದ ಹೆಸರು ಹೇಳಿದರು.

ಮಧ್ಯಾಹ್ನ ಶಸ್ತ್ರವೈದ್ಯರು, ಸಂಶೋಧಕರು, ತಂತ್ರಜ್ಞೆ, ಅಕ್ಕ ಎಲ್ಲರೂ ಪರದೆಯ ಮುಂದೆ ಸೇರಿದರು. ಹೊಸ ಸ್ಲೈಡು ಮೂಡಿತು. ಪ್ರತಿ ಬಳೆಯ ಅಂಚಿಗೂ ಕಂದು ಚುಕ್ಕಿಗಳ ಸಾಲು. ಭೂತಗನ್ನಡಿ ಅದರತ್ತ ಬೆರಳು ತೋರಿದರು.

"ಬಳೆ ರಕ್ತನಾಳವೋ ಲಿಂಫ್ ನಾಳವೋ ಆಗಿದ್ರೆ ಎರಡನೇ ಬಣ್ಣವೂ ಹತ್ತಬೇಕಿತ್ತು. ಹತ್ತಲಿಲ್ಲ. ಅಂದ್ರೆ ಅದು ರಕ್ತನಾಳವೂ ಅಲ್ಲ, ಲಿಂಫ್ ನಾಳವೂ ಅಲ್ಲ. ಲಿಂಫ್ ಹುಡುಕೋ ಬಣ್ಣಕ್ಕೊಂದು ಚಾಳಿ ಇದೆ, ಹಾಲಿನ ನಾಳದ ಹೊರಪದರಕ್ಕೂ ಹತ್ತುತ್ತೆ. ಇಲ್ಲಿರೋ ಮೂರನೇ ಬಣ್ಣ ಆ ಹೊರಪದರಕ್ಕೆ ಹತ್ತುತ್ತೆ, ಲಿಂಫ್ ನಾಳಕ್ಕೆ ಹತ್ತಲ್ಲ. ಬಳೆ ಅನ್ನೋದು ಹಾಲಿನ ನಾಳದ ಗೋಡೆ. ಗೋಡೆ ಎಲ್ಲೂ ಒಡೆದಿಲ್ಲ."

"ಹಾಗಾದ್ರೆ ಸುತ್ತ ಇಷ್ಟೊಂದು ರಕ್ತನಾಳ ಯಾಕೆ?" ಶಸ್ತ್ರವೈದ್ಯರು ಬಿಡಲಿಲ್ಲ.

"ಒಳಗಿರೋ ಗಡ್ಡೆಗೂ ಹಸಿವಿದೆ, ಹೊಸ ರಕ್ತನಾಳ ಬೆಳೆಸ್ಕೊಳ್ಳುತ್ತೆ. ಬಾಗಿಲಿಗೆ ದಿನಸಿ ತರಿಸ್ಕೊಂಡವನನ್ನ ಮನೆ ಬಿಟ್ಟು ಓಡಿಹೋದ ಅಂತೀರಾ?"

ಸಂಶೋಧಕರ ಮುಖ ಸಣ್ಣಗಾಯಿತು. "ನಾನು ಸಾವಿರಾರು ಬಳೆ ಎಣಿಸಿದ್ದೀನಿ ಮೇಡಂ."

"ಅದೇ ಮೋಸ ಮಾಡಿದ್ದು. ನಿಮ್ಮ ಹತ್ರ ಬರೋದೆಲ್ಲ ಗೋಡೆ ಒಡೆದು ಹರಡಿದ ಗಡ್ಡೆಗಳು. ಅವುಗಳಲ್ಲಿ ಹಾಲಿನ ನಾಳ ಉಳಿದಿರೋದೇ ಕಮ್ಮಿ. ಕಂದು ಬಳೆ ಕಂಡ್ರೆ ಲಿಂಫ್ ಅಂತ ಎಣಿಸಿ ಕೈ ಪಳಗಿಬಿಟ್ಟಿದೆ."

ಅಕ್ಕ ಎಲ್ಲರ ಮುಖವನ್ನೂ ನೋಡಿದಳು. "ನನಗೊಂದೂ ತಿಳೀಲಿಲ್ಲ. ಕೀಮೋ ಬೇಕಾ, ಬೇಡ್ವಾ?"

"ಬೇಡಮ್ಮ, ರೋಗ ಹಾಲಿನ ನಾಳ ದಾಟಿಲ್ಲ," ಎಂದರು ಶಸ್ತ್ರವೈದ್ಯರು.

ಸಂಶೋಧಕರು ಅಂದೇ ತಮ್ಮ ವರದಿ ಹಿಂಪಡೆದರು. ಗಾಯ ಮಾಗಿದ ಮೇಲೆ ತಂಗಿಗೆ ವಿಕಿರಣ ಚಿಕಿತ್ಸೆ ಮಾತ್ರ ಶುರುವಾಯಿತು.